ಹನ್ನೊಂದು ನಿಯಮ, ಹನ್ನೆರಡು ಹಾಸಿಗೆ

ಕಾಚಿಗೂಡ ಸ್ಟೇಷನ್ನಿನ ಎದುರಿನ ಗಲ್ಲಿಯಲ್ಲಿ ಕೆಳಗೆ ಬೀಗದ ಅಂಗಡಿ, ಮೇಲೆ ನಾವು. ನಾವು ಅಂದರೆ ಹನ್ನೆರಡು ಕಬ್ಬಿಣದ ಮಂಚ, ಅವುಗಳ ಮೇಲೆ ಹನ್ನೆರಡು ಹಾಸಿಗೆ, ಹಾಸಿಗೆಗಳ ಮೇಲೆ ಕಾಗದದ ಪ್ರಕಾರ ಹನ್ನೆರಡು ಮಂದಿ ನಿರುದ್ಯೋಗಿಗಳು. ಏಳನೇ ನಂಬರು ನನ್ನದು. ನೆತ್ತಿಗೆ ಸರಿಯಾಗಿ ಫ್ಯಾನು, ಪಕ್ಕಕ್ಕೆ ಕಿಟಕಿ, ಕಿಟಕಿಯಾಚೆ ಇರಾನಿ ಹೋಟೆಲಿನ ಹಿಂಬದಿ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಚಹಾದ ವಾಸನೆ ಬಂದು ಮೂಗು ಹಿಡಿದು ಎಬ್ಬಿಸುತ್ತಿತ್ತು. ಹೈದರಾಬಾದಿನಲ್ಲಿ ಅದಕ್ಕಿಂತ ಒಳ್ಳೆಯ ಹಾಸಿಗೆ ನಿಜಾಮರ ಅರಮನೆಯಲ್ಲಿ ಇದ್ದಿರಬಹುದು. ಅಲ್ಲಿ ಚಹಾದ ವಾಸನೆ ಇಷ್ಟು ಹತ್ತಿರ ಇರುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ.

ನಮ್ಮ ಕಡೆಯ ವ್ಯಾಪಾರಸ್ಥರು ಕೆಲವರು ಸೇರಿ ನಡೆಸುತ್ತಿದ್ದ ವಸತಿ ಅದು. ಗುಲಬರ್ಗಾ, ಬೀದರ, ರಾಯಚೂರು ಕಡೆಯಿಂದ ಕೆಲಸ ಹುಡುಕಿಕೊಂಡು ಬರುವ ಹುಡುಗರಿಗೆ ಬಾಡಿಗೆಯಿಲ್ಲದೆ ಒಂದು ಹಾಸಿಗೆ. ಷರತ್ತು ಇಷ್ಟೇ: ಕೆಲಸ ಸಿಕ್ಕರೆ ಎದ್ದು ಹೋಗಬೇಕು, ಮುಂದಿನವನಿಗೆ ಜಾಗ ಬಿಡಬೇಕು. ಕಂಪ್ಯೂಟರಿನ ಹುಚ್ಚು ಊರಿಗೆಲ್ಲ ಹತ್ತಿದ್ದ ಕಾಲ. ಅಮೀರ್‌ಪೇಟೆಯಲ್ಲಿ ಗೋಡೆ ಕಾಣಿಸುತ್ತಿರಲಿಲ್ಲ, ಬರೀ ಕೋರ್ಸುಗಳ ಹೆಸರು. ಮಜ್ಜಿಗೆ ಮಾರುವವನು ಕೂಡ ಲೋಟ ಕೈಗಿಡುತ್ತ 'ಜಾವಾನಾ, ಟೆಸ್ಟಿಂಗಾ?' ಎಂದು ತೆಲುಗಿನಲ್ಲಿ ವಿಚಾರಿಸುತ್ತಿದ್ದ. ಜಾವಾ ಅಂದವರಿಗೆ ಉಪ್ಪು ಜಾಸ್ತಿ ಹಾಕುತ್ತಿದ್ದ ಎಂದು ನನಗೆ ಈಗಲೂ ಅನುಮಾನ.

ವಸತಿಯ ಉಸ್ತುವಾರಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಟಿಕೇಟು ತಪಾಸಣೆಯವರದ್ದು. ನಮಗೆಲ್ಲ ಟೀಸಿ ಕಾಕಾ. ವಾಡಿಗೂ ಸಿಕಂದರಾಬಾದಿಗೂ ನಡುವೆ ಮೂವತ್ತು ವರ್ಷ ಓಡುವ ರೈಲಿನೊಳಗೆ ನಡೆದವರು. ಗಟ್ಟಿ ನೆಲದ ಮೇಲೂ ಸಣ್ಣಗೆ ಓಲಾಡಿಕೊಂಡೇ ನಡೆಯುತ್ತಿದ್ದರು. ಅವರ ಬಳಿ ಫಾರಂ ಇಲ್ಲ, ಅರ್ಜಿ ಇಲ್ಲ, ದೊಡ್ಡವರ ಚೀಟಿಗೆ ಬೆಲೆಯಿಲ್ಲ. ಫೋನಿನಲ್ಲಿ ಯಾರು ಕೇಳಿದರೂ ಒಂದೇ ಉತ್ತರ: "ಫೋನಿನ್ಯಾಗ ಹಾಸಿಗಿ ಕೊಡಂಗಿಲ್ಲ. ಬಂದು ಮಾರಿ ತೋರ್ಸು." ಮುಖ ತೋರಿಸಿದ ಮೇಲೆ ಹಾಸಿಗೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮುಂದಿನ ಗಾಡಿ.

ನಾನು ಮೊದಲ ಸಲ ಹೋದಾಗ ಅವರು ನನ್ನ ಅಂಕಪಟ್ಟಿಯನ್ನು ನೋಡಲೇ ಇಲ್ಲ. ಬೂಟು ನೋಡಿದರು, ಕೈಯ ಉಗುರು ನೋಡಿದರು, ಆಮೇಲೆ ಮುಖ. "ಟಿಕೇಟ್ ಇಲ್ಲದವ ಹೆಂಗ ಗೊತ್ತಾಗ್ತಾನ ಹೇಳು," ಎಂದರು. ಉತ್ತರವನ್ನೂ ಅವರೇ ಕೊಟ್ಟರು: "ಕಿಟಕಿ ಹೊರಗ ಭಾಳ ಪ್ರೀತಿಲೆ ನೋಡ್ತಿರ್ತಾನ. ಹೊರಗ ಬರೇ ಕಲ್ಲಗುಡ್ಡ ಇದ್ರೂ ಕಾಶ್ಮೀರ ಕಂಡಂಗ ನೋಡ್ತಾನ. ಟಿಕೇಟ್ ಇದ್ದವ ನನ್ನ ಮಾರಿ ನೋಡ್ತಾನ. ನೀ ಈಗ ಎಲ್ಲಿ ನೋಡಾಕತ್ತಿ?" ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದೆ. "ಹಲ್ಲಿ ನೋಡಾಕತ್ತೀನ್ರಿ ಕಾಕಾ." ಅವರು ಕನ್ನಡಕ ಒರೆಸಿ ಹಾಕಿಕೊಂಡು, "ಏಳನೇ ನಂಬರ್," ಎಂದರು. ಹಲ್ಲಿಗೂ ಏಳಕ್ಕೂ ಏನು ಸಂಬಂಧವೋ ಇವತ್ತಿಗೂ ತಿಳಿದಿಲ್ಲ.

ನನ್ನ ಚಟವನ್ನೂ ಹೇಳಿಬಿಡಬೇಕು. ನಾನು ಅಣಕಿಸುತ್ತೇನೆ. ಸ್ಟೇಷನ್ನಿನ ಧ್ವನಿವರ್ಧಕದ ಹೆಂಗಸು, ಅಮೀರ್‌ಪೇಟೆಯ ಮೇಷ್ಟ್ರು, ಅಡುಗೆಯ ಅವ್ವ ಸಾರು ಬಡಿಸುವಾಗ ಸೌಟು ತಟ್ಟುವ ಸದ್ದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸ. ನನ್ನನ್ನೂ ಬಿಟ್ಟವನಲ್ಲ. ಸಂದರ್ಶನದಲ್ಲಿ ನನ್ನ ಇಂಗ್ಲಿಷು ಕುಕ್ಕರಿನ ಮೂರನೇ ಸೀಟಿಯಂತೆ ಮೇಲೇರಿ ಹೋಗುವುದನ್ನು ನಾನೇ ಮಾಡಿ ತೋರಿಸಿ ಎಲ್ಲರನ್ನೂ ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡುತ್ತಿದ್ದೆ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದುದು ಟೀಸಿ ಕಾಕಾನನ್ನು. ಮೂಗಿನಿಂದ ಹೊರಡುವ ಆ "ಹ್ಞಾಂ... ಹೇಳ್ರಿ ಸಾಹೇಬ್ರ", ಆ ಒಣಕೆಮ್ಮು, ಆ ಓಲಾಟ. ಒಂದನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ. ಎದುರಿನವನು ಹೇಳಿ ಮುಗಿಸಿದ ಮೇಲೆ ಕಾಕಾ ತಕ್ಷಣ ಮಾತಾಡುತ್ತಿರಲಿಲ್ಲ. ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಮೌನಕ್ಕೆ ಯಾರು ನಗುತ್ತಾರೆ? ಅದನ್ನು ನಾನು ಕತ್ತರಿಸಿ ಹಾಕಿದ್ದೆ.

ಜಗಳ ಶುರುವಾದದ್ದು ರಾಯಚೂರಿನ ಗೆಳೆಯನಿಂದ. ಅವನು ನಾಲ್ಕನೇ ನಂಬರು. ಸಂದರ್ಶನ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ. ಇನ್ನೊಂದು ವಾರ ಇರುತ್ತೇನೆಂದು ಕೇಳಿದ. ಕಾಕಾ ಅವನ ಮುಖ ನೋಡಿ, ಕನ್ನಡಕ ಒರೆಸಿ, ಇಲ್ಲ ಅಂದರು. ಅದೇ ದಿನ ಇನ್ನೊಬ್ಬನಿಗೆ ಒಂದು ತಿಂಗಳು ಇರು ಅಂದರು. ಕಾರಣ ಕೇಳಿದರೆ, "ಮಾರಿ ನೋಡಿ ಹೇಳೀನಿ." ರಾಯಚೂರಿನವ ಗಾಡಿ ಹತ್ತಿದ. ನಮಗೆ ರಕ್ತ ಕುದಿಯಿತು. ಇದೇನು ನ್ಯಾಯ, ಒಬ್ಬರ ಮೂಗಿನ ನೇರಕ್ಕೆ ನಮ್ಮ ಬಾಳು ನಡೆಯಬೇಕೆ ಎಂದು ಚಹಾದ ಮೇಲೆ ಚಹಾ ಕುಡಿದು, ಕಮಿಟಿಯ ವ್ಯಾಪಾರಸ್ಥರ ಮುಂದೆ ಹೋಗಿ ನಿಂತೆವು. ನಮಗೆ ನಿಯಮ ಬೇಕು, ಬರೆದ ನಿಯಮ, ಗೋಡೆಗೆ ಹಾಕಿದ ನಿಯಮ, ದೊಡ್ಡವನಿಗೂ ಸಣ್ಣವನಿಗೂ ಒಂದೇ ನಿಯಮ. ವ್ಯಾಪಾರಸ್ಥರಿಗೆ ಅಂಗಡಿ ಬಾಗಿಲು ತೆಗೆಯುವ ಅವಸರ. "ಆತಪಾ, ನೀವ ಬರೀರಿ," ಎಂದರು. ಅಕ್ಷರ ದುಂಡಗಿದ್ದದ್ದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಒಂದೇ ಸಂಜೆಯಲ್ಲಿ ಹನ್ನೊಂದು ನಿಯಮ ಬರೆದೆ. ಬರೆಯುತ್ತ ಬರೆಯುತ್ತ ಎಂಥ ಉಬ್ಬು ಅಂದರೆ, ನಾಳೆ ದಿಲ್ಲಿಯಿಂದ ಕರೆ ಬಂದರೆ ಯಾವ ಅಂಗಿ ಹಾಕಿಕೊಳ್ಳುವುದು ಎಂದು ಕೂಡ ಯೋಚಿಸಿದೆ. ಒಂದನೇ ನಿಯಮ: ಕೂಲಿಗಾಗಲಿ ಸಂಬಳಕ್ಕಾಗಲಿ ಕೆಲಸ ಮಾಡುತ್ತಿರುವವರಿಗೆ ಹಾಸಿಗೆ ಇಲ್ಲ. ಎರಡನೆಯದು: ತರಬೇತಿಯಲ್ಲಿರುವವರನ್ನು ಕೆಲಸದಲ್ಲಿರುವವರೆಂದು ಪರಿಗಣಿಸತಕ್ಕದ್ದಲ್ಲ. ನಾಲ್ಕನೆಯದು: ಅವಧಿ ಮೂರು ತಿಂಗಳು, ಸಂದರ್ಶನ ಬಾಕಿ ಇದ್ದಲ್ಲಿ ವಿಸ್ತರಣೆ. ಐದನೆಯದು: ಅತಿಥಿಗಳು ಸತತ ಎರಡು ದಿನಕ್ಕಿಂತ ಹೆಚ್ಚು ತಂಗತಕ್ಕದ್ದಲ್ಲ. 'ತಕ್ಕದ್ದಲ್ಲ' ಎಂಬ ಪದ ನನಗೆ ಬಹಳ ಹಿಡಿಸಿತ್ತು. ಅದಕ್ಕಾಗಿಯೇ ಎರಡು ನಿಯಮ ಹೆಚ್ಚಿಗೆ ಬರೆದೆ.

ಕಾಕಾ ಹಾಳೆಯನ್ನು ಓದಿದರು, ಕಟ್ಟು ಹಾಕಿಸಿದರು, ತಮ್ಮ ಕುರ್ಚಿಯ ಹಿಂದೆ ತಾವೇ ಮೊಳೆ ಹೊಡೆದರು. "ಛಲೋ ಆತು. ಇನ್ನ ಮ್ಯಾಲ ನನಗ ಯಾರ ಮಾರೀನೂ ನೋಡೂದು ಇಲ್ಲ," ಎಂದು ಪೇಪರು ಬಿಡಿಸಿದರು. ಅವತ್ತಿನಿಂದ ಪೇಪರು ಕೆಳಗಿಳಿಯಲಿಲ್ಲ. ಯಾರು ಏನು ಕೇಳಿದರೂ ಪೇಪರಿನ ಹಿಂದಿನಿಂದ "ನಿಯಮ ಎಷ್ಟು?" ಎಂದು ಬರುತ್ತಿತ್ತು.

ಹದಿನೈದು ದಿನ ನಮ್ಮಲ್ಲಿ ರಾಮರಾಜ್ಯ. ಹದಿನಾರನೇ ದಿನ ಬೀದರಿನವ ನಿಯಮಗಳನ್ನು ನಿಧಾನವಾಗಿ ಓದಿದ.

ಬೀದರಿನವ ಎಂಟನೇ ನಂಬರು, ನನ್ನ ಪಕ್ಕದವ. ಆಳು ಸೋಮಾರಿ, ತಲೆ ಚುರುಕು. "ಲೇ, ಸಂದರ್ಶನ ಬಾಕಿ ಇದ್ದಲ್ಲಿ ವಿಸ್ತರಣೆ ಅಂತ ಬರ್ದೀಯಲ್ಲ. ಅಂದ್ರ ಸಂದರ್ಶನಕ್ಕ ಹೋಗಬಾರದು, ಬಾಕಿ ಇಡಬೇಕು. ಅಷ್ಟ ಹೌದಿಲ್ಲೋ?" ಅಂದಿನಿಂದ ಅವನ ಸಂದರ್ಶನ ಬಾಕಿ ಇರತೊಡಗಿತು. ಹಿಂದಿನ ದಿನ ಜ್ವರ ಬಂದು, ಮುಂದಿನ ವಾರಕ್ಕೆ ದಿನಾಂಕ ಬದಲಾಗಿ, ಮತ್ತೆ ಜ್ವರ ಬಂದು. ಅಷ್ಟು ಶಿಸ್ತಿನ ಜ್ವರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರತಿ ಗುರುವಾರ ಬಂದು ಶುಕ್ರವಾರ ಬಿರಿಯಾನಿ ಹೊತ್ತಿಗೆ ಬಿಡುತ್ತಿತ್ತು. ಹತ್ತನೇ ನಂಬರಿನವನ ಸೋದರಮಾವನ ಮಗ ಅತಿಥಿಯಾಗಿ ಬಂದ. ಎರಡು ದಿನ ನಮ್ಮಲ್ಲಿ, ಮೂರನೇ ದಿನ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ, ಮತ್ತೆರಡು ದಿನ ನಮ್ಮಲ್ಲಿ. ಸತತ ಎಂಬ ಪದವನ್ನು ಅವನಷ್ಟು ಗೌರವಿಸಿದವರಿಲ್ಲ. ವಿಸ್ತರಣೆಗೆ ಕಂಪನಿಯಿಂದ ಖಾತ್ರಿ ಬೇಕೆಂದು ಆರನೇ ನಿಯಮ ಹೇಳುತ್ತಿತ್ತು. ಖಾತ್ರಿಯ ಫೋನು ಸಿಕಂದರಾಬಾದಿನ ಬೂತಿನಿಂದ ಬರುತ್ತಿತ್ತು. ಆ ಕಡೆ ಮಾತಾಡುವ ಇಂಗ್ಲಿಷು ಮೇಡಂ ನಾನೇ. ಪೇಪರಿನ ಹಿಂದಿನಿಂದ ಕಾಕಾ, "ಆತ್ರಿ ಮೇಡಂ, ಥ್ಯಾಂಕ್ಯೂ ಮೇಡಂ," ಎಂದು ಬಹಳ ವಿನಯದಿಂದ ಹೇಳಿ ಫೋನಿಡುತ್ತಿದ್ದರು. ಬೂತಿನ ಗಾಜಿಗೆ ಹಣೆ ಒತ್ತಿ ನಾನು ನಗುತ್ತಿದ್ದೆ.

ಇಷ್ಟಾಗುವ ಹೊತ್ತಿಗೆ ನನಗೂ ಕೆಲಸ ಸಿಕ್ಕಿತ್ತು. ಮಾಧಾಪುರದ ಗಾಜಿನ ಕಟ್ಟಡವೊಂದರಲ್ಲಿ, ಪರದೇಶದವರ ಕಂಪ್ಯೂಟರು ಕೆಟ್ಟರೆ ಫೋನಿನಲ್ಲಿ ಸಮಾಧಾನ ಹೇಳುವ ಕೆಲಸ. ಅವರವರ ದೇಶದ ಉಚ್ಚಾರದಲ್ಲೇ ಮಾತಾಡಬೇಕಂತೆ. ಅಣಕಿಸುವುದಕ್ಕೆ ಸಂಬಳ ಕೊಡುವ ಜಾಗ ಭೂಮಿಯ ಮೇಲೆ ಇದೆ ಎಂದು ತಿಳಿದು ನಾನು ಸಂದರ್ಶನದ ಕೋಣೆಯಲ್ಲೇ ನಕ್ಕುಬಿಟ್ಟಿದ್ದೆ. ಮೊದಲ ಎರಡು ತಿಂಗಳು ತರಬೇತಿ. ತರಬೇತಿ ಎಂದ ಕೂಡಲೇ ಎರಡನೇ ನಿಯಮ ನೆನಪಾಯಿತು. ದೇವರಾಣೆ, ಬರೆಯುವಾಗ ನನಗೆ ಆ ದುರುದ್ದೇಶ ಇರಲಿಲ್ಲ. ಆದರೆ ಬಾಗಿಲು ಇದ್ದ ಮೇಲೆ, ಅದೂ ನಾನೇ ಇಟ್ಟ ಬಾಗಿಲು, ಹೊಕ್ಕು ಹೋಗದಿದ್ದರೆ ಬಡಗಿಗೆ ಅವಮಾನ ಮಾಡಿದಂತಲ್ಲವೆ? ಹಾಗಾಗಿ ಏಳನೇ ನಂಬರಿನಲ್ಲೇ ಉಳಿದೆ. ಟೈಯನ್ನು ಪ್ಲಾಸ್ಟಿಕ್ ಚೀಲದಲ್ಲಿ, ಕಂಪನಿಯ ಗುರುತಿನ ಚೀಟಿಯನ್ನು ಎಡಗಾಲಿನ ಕಾಲುಚೀಲದಲ್ಲಿ ಇಟ್ಟುಕೊಂಡು, "ಕಾಕಾ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗಿ ಹೋಗಿ ಬರ್ತೀನ್ರಿ," ಎಂದು ದಿನಾ ಹೊರಡುತ್ತಿದ್ದೆ. ಪೇಪರು ಅಲ್ಲಾಡುತ್ತಿರಲಿಲ್ಲ.

ಆ ಭಾನುವಾರ ಬೆಳಗ್ಗೆ ಕಾಕಾ ಕ್ಷೌರಕ್ಕೆ ಹೋಗಿದ್ದರು. ಫೋನು ಬಡಿದುಕೊಂಡಿತು. ಬೀದರಿನವ ಮಂಚದ ಮೇಲೆ ಎದ್ದು ಕೂತ. "ಎತ್ತಲೇ. ಕಾಕಾ ಆಗಿ ಎತ್ತು." ಹತ್ತನೇ ನಂಬರು, ಅದರ ಸತತವಲ್ಲದ ಅತಿಥಿ, ಎಲ್ಲರೂ ಸುತ್ತ ನೆರೆದರು. ಪ್ರೇಕ್ಷಕರು ಇದ್ದಲ್ಲಿ ನಾನು ಬೇರೆ ಮನುಷ್ಯ. ಕುರ್ಚಿಯಲ್ಲಿ ಕೂತು, ಮೂಗು ಬಿಗಿ ಹಿಡಿದು, ಎತ್ತಿದೆ.

"ಹ್ಞಾಂ... ಹೇಳ್ರಿ ಸಾಹೇಬ್ರ."

"ನಮಸ್ಕಾರ್ರಿ ಸರ." ಆ ಕಡೆ ಒಬ್ಬ ಹುಡುಗ, ಉಸಿರು ಮೇಲೆ ಕೆಳಗೆ. ಕಾಯಿನ್ ಡಬ್ಬಿಯಿಂದ ಮಾತಾಡುತ್ತಿದ್ದ. ಹಿಂದೆ ಸಿಮೆಂಟು ಕಲಸುವ ಯಂತ್ರದ ಗಡಗಡ. "ನಾ ಸೇಡಂ ಕಡೆಯವ್ರಿ. ಅಮೀರ್‌ಪೇಟ್ಯಾಗ ಟೆಸ್ಟಿಂಗ್ ಕೋರ್ಸ್ ಸೇರೀನ್ರಿ. ನಾಳಿ ಮುಂಜಾನಿಯಿಂದ ಸುರು ಐತ್ರಿ. ಹಾಸಿಗಿ ಏನರ ಸಿಗತೈತೇನ್ರಿ?"

"ಈಗ ಎಲ್ಲಿ ಇರ್ತಿ?"

"ಮಾಧಾಪುರದಾಗ ಬಿಲ್ಡಿಂಗ್ ಕಟ್ಟಾಕತ್ತಾರಲ್ರಿ, ಅಲ್ಲೇ ತಗಡಿನ ಶೆಡ್ಡಿನ್ಯಾಗ್ರಿ. ನಮ್ಮ ಊರಿನ ಮಂದಿ ಕೂಡ. ಅಲ್ಲಿ ಕುಂತು ಓದಾಕ ಆಗಂಗಿಲ್ರಿ."

"ಕಿಟಕಿ ಹೊರಗ ನೋಡ್ತಿಯೇನು?"

"ಶೆಡ್ಡಿಗಿ ಕಿಟಕಿ ಇಲ್ರಿ ಸರ."

ಬೀದರಿನವ ದಿಂಬನ್ನು ಬಾಯಿಗೆ ತುರುಕಿಕೊಂಡ. ನನಗೆ ಗಾಳಿ ಹಿಡಿಯಿತು. ಇಷ್ಟು ಸಲೀಸಾಗಿ ಆಡಿಸಿಕೊಳ್ಳುವ ಪಾತ್ರಧಾರಿ ಮತ್ತೆಲ್ಲಿ ಸಿಗಬೇಕು. "ಬಾ ಬಾ ತಮ್ಮಾ," ಎಂದೆ, ಕಾಕಾನ ಕೆಮ್ಮು ಸೇರಿಸಿ. "ನಿನ್ನ ಹಾಸಿಗಿ ನಿನ್ನ ಹಾದಿ ಕಾಯಾಕತ್ತೈತಿ. ಇವತ್ತ ಬಾ." ಇನ್ನೇನು ನಗುವಿನ ಗಂಟು ಬಿಚ್ಚಿ, ತಮಾಷೆ ಕಣಪ್ಪಾ, ಕಾಕಾ ಇಲ್ಲ, ಸಂಜೆ ಬಂದು ಕೇಳು ಎನ್ನಬೇಕು, ಅಷ್ಟರಲ್ಲಿ ಅವನ ನಾಣ್ಯದ ಹೊತ್ತು ಮುಗಿದು ಫೋನು ಕಟ್ಟಾಯಿತು. ಮತ್ತೆ ಮಾಡುತ್ತಾನೆ ಅಂದುಕೊಂಡೆವು. ಮಾಡಲಿಲ್ಲ. ಇರಾನಿ ಹೋಟೆಲಿಗೆ ಹೋಗಿ ಉಸ್ಮಾನಿಯಾ ಬಿಸ್ಕೀಟು ಅದ್ದಿಕೊಂಡು ತಿನ್ನುತ್ತ ಅದೇ ಮಾತನ್ನು ನಾಲ್ಕು ಸಲ ಮಾಡಿ ತೋರಿಸಿದೆ. ಆಮೇಲೆ ಮರೆತೆ.

ಮಧ್ಯಾಹ್ನ ಊಟ ಮುಗಿದು ಎಲ್ಲರೂ ಅಡ್ಡಾಗಿದ್ದಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಂದವನು ನಮ್ಮದೇ ವಯಸ್ಸಿನವ. ತೊಳೆದು ಹೊಲಿದ ಸಿಮೆಂಟು ಚೀಲವೇ ಅವನ ಬ್ಯಾಗು. ಅದರ ಬಾಯಿಂದ ಒಂದು ಕಡೆ ಟೆಸ್ಟಿಂಗಿನ ದಪ್ಪ ಪುಸ್ತಕ, ಇನ್ನೊಂದು ಕಡೆ ಗೋಡೆಗೆ ಸಿಮೆಂಟಿನ ಗಿಲಾವು ಹಚ್ಚುವ ಕರಣಿ ಇಣುಕುತ್ತಿದ್ದವು. ನೇರ ಕಾಕಾನ ಕುರ್ಚಿಯ ಮುಂದೆ ನಿಂತು ಕೈ ಮುಗಿದ.

"ಬಂದೀನ್ ನೋಡ್ರಿ ಸರ. ನೀವು ಇವತ್ತ ಬಾ ಅಂದ್ರಲ್ರಿ."

ಪೇಪರು ಒಂದಿಂಚು ಇಳಿಯಿತು. "ನಾ ಅಂದೆ?"

"ಫೋನಿನ್ಯಾಗ್ರಿ. ಮುಂಜಾನಿ. ಹ್ಞಾಂ, ಹೇಳ್ರಿ ಸಾಹೇಬ್ರ ಅಂದ್ರಿ. ನಿನ್ನ ಹಾಸಿಗಿ ನಿನ್ನ ಹಾದಿ ಕಾಯಾಕತ್ತೈತಿ ಅಂದ್ರಿ." ಒಂದಕ್ಷರ ಬಿಡದೆ ಹೇಳಿದ. ಕೆಮ್ಮನ್ನೂ ಕೆಮ್ಮಿದ.

ನಾನು ಹಾಸಿಗೆಯ ಮೇಲೆ ಸತ್ತವನಂತೆ ಬಿದ್ದುಕೊಂಡೆ. ಸತ್ತವರನ್ನೂ ನಾನು ಚೆನ್ನಾಗಿ ಮಾಡುತ್ತೇನೆ. ಕಾಕಾ ಪೇಪರು ಮಡಚಿದರು. ಎಷ್ಟೋ ದಿನದ ಮೇಲೆ ಅವರ ಮುಖ ಪೂರ್ತಿ ಕಂಡಿತು. ಹೊಸ ಕ್ಷೌರ ಬೇರೆ.

"ಶೆಡ್ಡಿನ್ಯಾಗಿನ ಜಾಗಾ ಏನು ಮಾಡಿದಿ?"

"ಬಿಟ್ಟು ಬಂದೀನ್ರಿ. ಇವತ್ತ ಊರಿಂದ ಇನ್ನೊಂದು ಸಂಸಾರ ಬಂತ್ರಿ. ನಾ ಹೊಂಟೀನಿ ಅಂತ ಕೇಳಿ ನನ್ನ ಜಾಗಾದಾಗ ಕೂಸಿನ ತೊಟ್ಟಿಲಾ ಕಟ್ಯಾರ್ರಿ. ಇನ್ನ ಅಲ್ಲಿ ಹೆಂಗ ಹೋಗೂದ್ರಿ."

ತೊಟ್ಟಿಲು ಎಂದ ಕೂಡಲೇ ನನ್ನ ಸಾವು ಸ್ವಲ್ಪ ಅಲುಗಾಡಿತು. ನಾಳೆ ಬೆಳಗ್ಗೆ ಅವನ ಕೋರ್ಸು. ಇವತ್ತು ತಲೆ ಇಡಲು ಅವನಿಗೆ ಜಾಗವಿಲ್ಲ. ಅದು ಇಲ್ಲದಂತೆ ಮಾಡಿದ್ದು ನನ್ನ ಮೂಗು.

"ಅದು ನಾ ಅಲ್ಲ" ಎಂದು ಕಾಕಾ ಅಂದೇ ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ತಿರುಗಿ ಗೋಡೆಯ ಹಾಳೆ ಓದಿದರು. "ನಿಯಮ ಒಂದು. ಕೂಲಿಗಾಗಲಿ ಸಂಬಳಕ್ಕಾಗಲಿ ಕೆಲಸ ಮಾಡುವವರಿಗೆ ಹಾಸಿಗೆ ಇಲ್ಲ. ನೀ ಗಿಲಾವ್ ಮಾಡ್ತಿ."

"ಹೌದ್ರಿ. ಇನ್ನ ಮ್ಯಾಲೂ ಮುಂಜಾನಿ ಕ್ಲಾಸು, ಮಧ್ಯಾಹ್ನ ಗಿಲಾವ್ರಿ. ಇಲ್ಲಂದ್ರ ಉಣ್ಣೂದು ಹೆಂಗ್ರಿ." ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮಲ್ಲಿ ಯಾರೇ ಆಗಿದ್ದರೂ ಕರಣಿಯನ್ನು ಮೊದಲೇ ಮೆಟ್ಟಿಲ ಕೆಳಗೆ ಬಚ್ಚಿಟ್ಟು ಬರುತ್ತಿದ್ದೆವು.

"ಹಂಗಾರ ನೀ ನೌಕರಿದಾರ. ಇಲ್ಲಿ ಮಕ್ಕೊಂಡ ಹನ್ನೆರಡು ಮಂದಿ ನಿರುದ್ಯೋಗಿಗೋಳು. ನಿಯಮ ಹಂಗ ಹೇಳತೈತಿ." ಕಾಕಾ ಎದ್ದರು. ಓಲಾಡಿಕೊಂಡು ಏಳನೇ ನಂಬರಿನ ಹತ್ತಿರ ಬಂದು ನನ್ನ ಹೆಬ್ಬೆರಳು ಹಿಡಿದು ಅಲುಗಾಡಿಸಿದರು. "ಏಳ್ರಿ ಸಾಹೇಬ್ರ. ನಾ ಹೇಳಿದ್ದು ನನಗ ನೆನಪಿಲ್ಲ. ಫೋನಿನ್ಯಾಗ ಇದ್ದ ಟೀಸಿ ಕಾಕಾ ಹೇಳ್ಯಾನ. ಅವನ ಬಂದು ತೀರ್ಮಾನ ಮಾಡಲಿ. ಹೋಗ್ರಿ, ಕುರ್ಚಿ ಮ್ಯಾಲ ಕುಂದರ್ರಿ."

ತಮ್ಮ ಕನ್ನಡಕ ತೆಗೆದು ನನ್ನ ಮೂಗಿಗೆ ಏರಿಸಿದರು. ಎಲ್ಲವೂ ನೀರಿನೊಳಗೆ ಕಂಡಂತೆ. ನಾನು ಹೋಗಿ ಕೂತೆ. ಕೂತ ಕೂಡಲೇ ಎಂಥದೋ ಉಮೇದು, ಅಷ್ಟು ಪ್ರೇಕ್ಷಕರು. "ಹ್ಞಾಂ... ಹೇಳ್ರಿ ಸಾಹೇಬ್ರ," ಎಂದೆ. ಯಾರೂ ನಗಲಿಲ್ಲ. ಸೇಡಮ್ಮಿನವನು ಮಾತ್ರ ನನ್ನನ್ನೂ ಕಾಕಾನನ್ನೂ ಒಂದೆರಡು ಸಲ ನೋಡಿ, ಎಲ್ಲ ತಿಳಿದು, ಚೀಲ ಕೆಳಗಿಟ್ಟ. ಅವನ ಮುಖ ಕೆಂಪಾಯಿತು. ನನ್ನದು ಆಗಲೇ ಆಗಿತ್ತು.

ಆಮೇಲೆ ನಡೆದದ್ದು ನಾನು ಕನಸಿನಲ್ಲೂ ಎಣಿಸದ ಸಂಗತಿ. ಕಾಕಾ ನನ್ನ ಹಾಸಿಗೆಯ ಮೇಲೆ ಕೂತು, ಎಡಗಾಲು ಎತ್ತಿ, ಇಲ್ಲದ ಕಾಲುಚೀಲದಲ್ಲಿ ಇಲ್ಲದ ಚೀಟಿ ತುರುಕಿದರು. ನನ್ನ ಪ್ಲಾಸ್ಟಿಕ್ ಚೀಲ ಕೈಗೆ ತೂಗು ಹಾಕಿಕೊಂಡರು. ಭುಜ ಕುಣಿಸುತ್ತ, ಹಿಮ್ಮಡಿ ನೆಲಕ್ಕೆ ತಾಗದಂತೆ ಪುಟಿಯುತ್ತ, ಬಾಗಿಲ ಕಡೆ ನಡೆದು, ಕುಕ್ಕರಿನ ಮೂರನೇ ಸೀಟಿಯಂಥ ದನಿಯಲ್ಲಿ, "ಕಾಕಾ, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗಿ ಹೋಗಿ ಬರ್ತೀನ್ರೀ," ಎಂದರು.

ಮೊದಲು ಸ್ಫೋಟಿಸಿದವನು ಬೀದರಿನವ. ಮಂಚದಿಂದ ಕೆಳಗೆ ಬಿದ್ದು ಅಲ್ಲಿಯೇ ನಕ್ಕ. ಅತಿಥಿ ಕಂಬ ಹಿಡಿದುಕೊಂಡ. ಅಡುಗೆಯ ಅವ್ವ ಸೌಟು ಹಿಡಿದೇ ಓಡಿ ಬಂದು, "ಇದು ಇವನ ದನಿ ಅಲ್ಲೇನು, ಇವ ಅಲ್ಲಿ ಕುಂತಾನಲ್ಲ," ಎಂದು ಬಾಗಿಲಲ್ಲೇ ನಿಂತಳು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನನ್ನು ಅಷ್ಟು ಚೆನ್ನಾಗಿ ನಾನೇ ಮಾಡಿರಲಿಲ್ಲ. ಪೇಪರಿನ ಹಿಂದಿನಿಂದ ಮುದುಕ ಎಲ್ಲವನ್ನೂ ನೋಡಿದ್ದ, ಕೇಳಿದ್ದ, ತಾಲೀಮು ಕೂಡ ಮಾಡಿದ್ದನೋ ಏನೋ.

"ನಿಲ್ಲು," ಎಂದೆ, ಕಾಕಾನ ದನಿಯಲ್ಲಿ. ನಗು ಇನ್ನೂ ಗಂಟಲಲ್ಲಿತ್ತು. "ಟಿಕೇಟ್ ತೋರ್ಸು."

ನಾನಾಗಿದ್ದ ಕಾಕಾ ಕಿಟಕಿಯ ಹೊರಗೆ ಇರಾನಿ ಹೋಟೆಲಿನ ಹಿಂಬದಿಯನ್ನು ಬಹಳ ಪ್ರೀತಿಯಿಂದ ನೋಡತೊಡಗಿದರು.

"ಕಾಲುಚೀಲದಾಗ ಏನೈತಿ?"

"ಏನಿಲ್ರಿ ಕಾಕಾ. ತರಬೇತಿದು. ನಿಯಮ ಎರಡರಿ. ತರಬೇತಿಯಲ್ಲಿರುವವರನ್ನು ಕೆಲಸದಲ್ಲಿರುವವರೆಂದು ಪರಿಗಣಿಸತಕ್ಕದ್ದಲ್ರಿ." ಆ 'ತಕ್ಕದ್ದಲ್ಲ'ವನ್ನು ಅವರು ಎಂಥ ಸುಖದಿಂದ ಉಚ್ಚರಿಸಿದರೆಂದರೆ, ಆ ಕ್ಷಣ ನನಗೆ ಏಳನೇ ನಂಬರಿನ ಆ ಹುಡುಗನ ಮೇಲೆ ಕೆಟ್ಟ ಸಿಟ್ಟು ಬಂತು. ಎಂಥ ಚಾಲಾಕಿ ನನ್ಮಗ. ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದ್ದಾನೆ, ಒಂದು ಕಾಗದವನ್ನೂ ಮುರಿದಿಲ್ಲ, ಹಿಡಿಯಲು ಎಲ್ಲೂ ಕೈ ಸಿಗುವುದಿಲ್ಲ. ಆದರೆ ಮುಖ ನೋಡಿದರೆ ಸಾಕು.

ಸೇಡಮ್ಮಿನವನ ಕಡೆ ತಿರುಗಿದೆ. ಅವನು ಕಿಟಕಿ ನೋಡುತ್ತಿರಲಿಲ್ಲ. ಹಲ್ಲಿಯನ್ನೂ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ, ಟಿಕೇಟು ಕೈಯಲ್ಲಿ ಹಿಡಿದವನಂತೆ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದೆ. ಅದು ಅಣಕವಾಗಿರಲಿಲ್ಲ, ನಿಜವಾಗಿಯೂ ಮಸುಕಾಗಿತ್ತು.

"ಏಳನೇ ನಂಬರ್ ಖಾಲಿ ಮಾಡಪಾ," ಎಂದೆ. "ಇವಗ ಕೊಡು."

"ಯಾವ ನಿಯಮರಿ?" ಎಂದರು ನಾನಾಗಿದ್ದ ಕಾಕಾ, ಬಿಡದೆ.

"ಮಾರಿ ನೋಡಿ ಹೇಳೀನಿ."

ಕಾಕಾ ಪ್ಲಾಸ್ಟಿಕ್ ಚೀಲ ಕೆಳಗಿಟ್ಟು, ಬಂದು, ತಮ್ಮ ಕನ್ನಡಕ ವಾಪಸು ಇಸಿದುಕೊಂಡರು. "ನೋಡ್ರಿ, ಫೋನಿನ್ಯಾಗಿನ ಮನಶ್ಯಾ ಮಾತು ಉಳಿಸಿಕೊಂಡಾ," ಎಂದು ತಮ್ಮ ದನಿಯಲ್ಲಿ ಹೇಳಿ, ಪೇಪರು ತೆಗೆದುಕೊಳ್ಳದೆ ಕೂತರು. ಬೀದರಿನವ ಇನ್ನೂ ನೆಲದ ಮೇಲೇ ಇದ್ದ. ಕಾಕಾನ ಕಣ್ಣು ಅವನ ಮೇಲೆ ಹೋಯಿತು. ಅವನು ಎದ್ದು ಕಿಟಕಿಯ ಹೊರಗೆ ನೋಡಿದ. ಮತ್ತೆ ಇತ್ತ ತಿರುಗಿ, "ಕಾಕಾ, ಈ ಗುರುವಾರ ಜ್ವರ ಬರಂಗಿಲ್ರಿ," ಎಂದ.

ನಾನು ಹಾಸಿಗೆ ಸುತ್ತುತ್ತಿದ್ದಾಗ ಸೇಡಮ್ಮಿನವನು ಹತ್ತಿರ ಬಂದು ನಿಂತ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಹಗುರಾಗುತ್ತಿತ್ತು. "ನೀವು ಎಲ್ಲಿ ಹೋಗ್ತೀರಿ?" ಎಂದು ಕೇಳಿದ. ನನಗೇ ಗೊತ್ತಿರಲಿಲ್ಲ. ಉತ್ತರ ಕುರ್ಚಿಯಿಂದ ಬಂತು: "ನಿಯಮ ಐದು. ಅತಿಥಿ, ಎರಡು ದಿನ. ಸತತ." ಎರಡು ದಿನ ನಾನು ಏಳನೇ ನಂಬರಿನ ಪಕ್ಕ ನೆಲದ ಮೇಲೆ ನನ್ನದೇ ಹಾಸಿಗೆಯ ಅತಿಥಿಯಾಗಿ ಮಲಗಿದೆ. ಫ್ಯಾನಿನ ಗಾಳಿ ಅಲ್ಲಿಗೆ ಬರುತ್ತಿರಲಿಲ್ಲ. ಚಹಾದ ವಾಸನೆ ಬರುತ್ತಿತ್ತು, ಅದಕ್ಕೆ ನಿಯಮ ಗೊತ್ತಿರಲಿಲ್ಲ.

ಮೂರನೇ ದಿನ ಮಾಧಾಪುರದ ಕಡೆ ಸಹೋದ್ಯೋಗಿಗಳ ಕೋಣೆಯೊಂದು ಸಿಕ್ಕಿತು. ಹೊರಡುವಾಗ ಕಾಕಾನ ಮುಂದೆ ನಿಂತು, ಇಷ್ಟು ದಿನ ಕೇಳಬೇಕೆಂದಿದ್ದುದನ್ನು ಕೇಳಿದೆ. "ಎಲ್ಲಾ ಗೊತ್ತಿದ್ರೂ ಯಾಕ ಸುಮ್ಮ ಕುಂತ್ರಿ ಕಾಕಾ? ಮೊದಲ ದಿನಾನ ನನ್ನ ಎಬ್ಬಿಸಬೇಕಾಗಿತ್ತು."

ಕನ್ನಡಕ ಒರೆಸಿದರು. "ರಾಯಚೂರಿನವನ ಮಾರಿ ನಾ ತಪ್ಪು ಓದಿದೆ. ಅವನ ನೌಕರಿ ಕಾಗದ ನಾಕು ದಿನಕ್ಕ ಇಲ್ಲಿಗಿ ಬಂತು. ಊರಿಗಿ ಕಳಿಸಿದೆ, ಆದ್ರ ಮುಟ್ಟೂದ್ರಾಗ ಸೇರೂ ತಾರೀಕು ದಾಟಿತ್ತು. ನೀವು ಹಾಳಿ ಬರಕೊಂಡು ಬಂದಾಗ ನನಗ ಖರೇ ಅಂದ್ರ ಆರಾಮ ಅನಿಸ್ತು. ಹಾಳಿ ತಪ್ಪಿದ್ರ ಹಾಳಿ ತಪ್ಪು, ನಂದಲ್ಲ." ಕನ್ನಡಕ ಹಾಕಿಕೊಂಡು, "ಮೂವತ್ತು ವರ್ಷದಾಗ ಟಿಕೇಟ್ ಇದ್ದವರನ್ನೂ ಇಳಿಸೀನಿ ತಮ್ಮಾ. ಎಣಿಸಿಲ್ಲ," ಎಂದರು. ಹಾಳೆಯನ್ನು ಗೋಡೆಯಿಂದ ತೆಗೆಯಲಿಲ್ಲ. ಆದರೆ ಕುರ್ಚಿಯನ್ನು ತಿರುಗಿಸಿ, ಬಾಗಿಲಿನತ್ತ ಮುಖ ಮಾಡಿ ಹಾಕಿಕೊಂಡಿದ್ದರು. ಈಗ ಬರುವವರಿಗೆ ಮೊದಲು ಕಾಣುವುದು ಕಾಕಾನ ಮುಖ, ಆಮೇಲೆ ಹಾಳೆ.

ಸುಮಾರು ಒಂದು ತಿಂಗಳ ಮೇಲೆ, ಗಾಜಿನ ಕಟ್ಟಡದ ಕೆಳಗಿನ ಕಾಯಿನ್ ಡಬ್ಬಿಯಿಂದ ವಸತಿಗೆ ಫೋನು ಮಾಡಿದೆ. ನನ್ನ ಜೊತೆ ತರಬೇತಿಯಲ್ಲಿದ್ದವಳ ತಮ್ಮ ಊರಿಂದ ಬರುವವನಿದ್ದ; ಹಾಸಿಗೆ ಇದೆಯೇ ಎಂದು ವಿಚಾರಿಸಬೇಕಿತ್ತು. ಆ ಕಡೆಯಿಂದ, ಮೂಗಿನಿಂದ, "ಹ್ಞಾಂ... ಹೇಳ್ರಿ ಸಾಹೇಬ್ರ."

ಬಹಳ ಮರ್ಯಾದೆಯಿಂದ ಎಲ್ಲ ಹೇಳಿದೆ. ಹುಡುಗ ಎಲ್ಲಿಯವ, ಏನು ಓದಿದ್ದಾನೆ, ಎಷ್ಟು ಒಳ್ಳೆಯವ. ಹೇಳಿ ಮುಗಿಸಿದ ಮೇಲೆ ಆ ಕಡೆ ಮೌನ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳುವಷ್ಟು ಹೊತ್ತಿನ ಮೌನ. ನಾಣ್ಯದ ಹೊತ್ತು ಓಡುತ್ತಿತ್ತು. ನಾನು ಕೈ ಕಟ್ಟಿಕೊಂಡು ನಿಂತೆ.

"ಫೋನಿನ್ಯಾಗ ಹಾಸಿಗಿ ಕೊಡಂಗಿಲ್ಲ. ಬಂದು ಮಾರಿ ತೋರ್ಸು ಅನ್ರಿ."

"ಆತ್ರಿ ಕಾಕಾ," ಎಂದೆ.

ಹಿಂದುಗಡೆ ಬೀದರಿನವ ದಿಂಬಿನೊಳಗೆ ನಕ್ಕಂತೆ ಕೇಳಿಸಿತು. ಆ ನಗುವನ್ನು ನಾನು ಸಾವಿರದಲ್ಲಿ ಗುರುತಿಸಬಲ್ಲೆ. "ಯಾರಿದು?" ಎಂದೆ.

"ಏಳನೇ ನಂಬರ್ರಿ," ಎಂದ ಸೇಡಮ್ಮಿನವ, ತನ್ನ ದನಿಯಲ್ಲಿ. "ಕಾಕಾ ಕ್ಷೌರಕ್ಕ ಹೋಗ್ಯಾರ್ರಿ."